ಮುಂಗಾಲು ಊರಿದ ಮೇಲೆ: ಬೌಲಿಂಗ್ ಕೌಶಲವನ್ನು ಸೆನ್ಸರ್‌ನಿಂದ ಅಳೆದ ಅನುಭವ

ಧಾರವಾಡದಲ್ಲಿ ಹದಿಹರೆಯದ ಹುಡುಗ ಹುಡುಗಿಯರಿಗೆ ವೇಗದ ಬೌಲಿಂಗ್ ಕಲಿಸುವುದು ನನ್ನ ಕೆಲಸ. ಮೈಗೆ ಕಟ್ಟಿಕೊಳ್ಳುವ ಚಲನಾ ಸೆನ್ಸರ್‌ಗಳಿಂದ ಬೌಲರ್‌ಗಳ ಕೌಶಲವನ್ನು ಅಳೆಯಲು ಸಾಧ್ಯವೇ ಎಂಬ ಪ್ರಶ್ನೆ ಹಿಡಿದುಕೊಂಡು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ನಮ್ಮ ನೆಟ್ಸ್‌ಗೆ ಬಂದಾಗ ನಾನು ತಡಮಾಡದೆ ಒಪ್ಪಿಕೊಂಡೆ. ಅದಕ್ಕೆ ಕಾರಣವಿತ್ತು. ನನ್ನ ಬಳಿ ಇಬ್ಬರು ಹುಡುಗರಿದ್ದರು. ಇಬ್ಬರ ಓಟವೂ, ನೆಗೆತವೂ, ಕೈ ಬೀಸುವ ರೀತಿಯೂ ನನ್ನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತಿದ್ದವು. ಆದರೂ ಒಬ್ಬನು ಓವರಿನ ಆರೂ ಚೆಂಡುಗಳನ್ನು ಹೇಳಿದ ಜಾಗದ ಆಸುಪಾಸಿನಲ್ಲಿ ಹಾಕುತ್ತಿದ್ದ, ಇನ್ನೊಬ್ಬನ ಚೆಂಡು ಒಮ್ಮೆ ಫುಲ್‌ಟಾಸ್, ಒಮ್ಮೆ ಅರ್ಧ ಪಿಚ್‌ಗೆ ಬೀಳುತ್ತಿತ್ತು. ಮುಂಗಾಲು, ಅಂದರೆ ಚೆಂಡು ಬಿಡುವ ಮುನ್ನ ಮುಂದೆ ಇಡುವ ಕೊನೆಯ ಹೆಜ್ಜೆಯ ಕಾಲು, ನೆಲಕ್ಕೆ ಊರಿದ ಮೇಲೆ ಚೆಂಡು ಕೈಬಿಡುವವರೆಗೆ ಇರುವ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು. ಆ ಅವಧಿಯೊಳಗೆ ಏನೋ ಬೇರೆಯಾಗುತ್ತಿದೆ ಎಂಬುದು ಗೊತ್ತಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ.

ಕೌಶಲವೆಂದರೆ ವೇಗವೊಂದೇ ಆಗಿದ್ದರೆ ಸ್ಪೀಡ್ ಗನ್ ಸಾಕಾಗುತ್ತಿತ್ತು. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದಗಿನ ಸುನೀಲ್ ಜೋಶಿಯವರು 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರು ಹಾಕಿ, ಅದರಲ್ಲಿ 6 ಮೇಡನ್ ಮಾಡಿ, ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದು ಸ್ಪಿನ್ ಬೌಲಿಂಗ್‌ನಿಂದ. ಬೇಕೆಂದ ಚೆಂಡನ್ನು ಬೇಕೆಂದ ಕಡೆಗೆ ಮತ್ತೆ ಮತ್ತೆ ಹಾಕಬಲ್ಲ ಆ ಶಕ್ತಿಯನ್ನೇ ನಾನು ಕೌಶಲವೆಂದು ತಿಳಿದವನು. ಪ್ರಾಧ್ಯಾಪಕರಿಗೆ ಮೊದಲ ಭೇಟಿಯಲ್ಲೇ ಇದನ್ನು ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಹಂಗಾದ್ರ ನಾವು ಒಂದು ಚೆಂಡನ್ನ ಅಳೆಯೂದಲ್ಲ ಸರ್, ಚೆಂಡಿಗೆ ಚೆಂಡಿಗೆ ಏನು ಬದಲಾಗ್ತದ ಅನ್ನೂದನ್ನ ಅಳೀಬೇಕು" ಎಂದರು. ಇಡೀ ಕೆಲಸದ ದಿಕ್ಕನ್ನು ನಿರ್ಧರಿಸಿದ್ದು ಆ ಮಾತೇ ಎಂದು ಈಗ ಅನಿಸುತ್ತದೆ.

ಸೆನ್ಸರ್‌ಗಳು ಕಡ್ಡಿಪೆಟ್ಟಿಗೆಗಿಂತ ಚಿಕ್ಕವು. ಒಂದೊಂದರೊಳಗೂ ಮೂರು ಬಗೆಯ ಅಳತೆಯ ಚಿಪ್‌ಗಳಿರುತ್ತವೆ. ಆಕ್ಸಿಲರೋಮೀಟರ್ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಅಳೆದರೆ, ಗೈರೋಸ್ಕೋಪ್ ಆ ಅಂಗ ಎಷ್ಟು ರಭಸದಿಂದ ತಿರುಗುತ್ತಿದೆ ಎಂಬುದನ್ನು ಅಳೆಯುತ್ತದೆ, ಮ್ಯಾಗ್ನೆಟೋಮೀಟರ್ ದಿಕ್ಸೂಚಿಯ ಕೆಲಸ ಮಾಡುತ್ತದೆ. ಆಕ್ಸಿಲರೋಮೀಟರ್‌ನ ಒಳಗೆ ಕೂದಲೆಳೆಗಿಂತ ತೆಳುವಾದ ಸಿಲಿಕಾನ್ ಸ್ಪ್ರಿಂಗ್‌ಗಳ ಮೇಲೆ ಒಂದು ಸಣ್ಣ ತುಣುಕು ತೂಗುತ್ತಿರುತ್ತದೆ. ಮೈ ಅಲುಗಿದಾಗ ಅದು ಹಿಂದುಮುಂದಾಗುತ್ತದೆ, ಆ ಸರಿದಾಟವನ್ನು ವಿದ್ಯುತ್ತಿನ ಏರಿಳಿತವಾಗಿ ಓದಿಕೊಳ್ಳುತ್ತಾರೆ. ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ತಾನೇ ತಿರುಗುವುದು ಇದೇ ಬಗೆಯ ಚಿಪ್‌ನಿಂದ.

ಎರಡೂ ಕಾಲುಗಳ ಮೊಣಕಾಲಿನ ಕೆಳಗೆ ಎಲುಬಿನ ಚಪ್ಪಟೆ ಭಾಗದ ಮೇಲೆ, ಟೊಂಕದ ಹಿಂದೆ ಬೆನ್ನುಮೂಳೆಯ ಬುಡದಲ್ಲಿ, ಎರಡು ರೆಕ್ಕೆಯೆಲುಬುಗಳ ನಡುವೆ, ತೋಳಿನಲ್ಲಿ, ಮಣಿಕಟ್ಟಿನಲ್ಲಿ ಸೆನ್ಸರ್‌ಗಳನ್ನು ಕಟ್ಟಿದೆವು. ಮಾಂಸ ಹೆಚ್ಚಿರುವ ಮೀನಖಂಡದ ಮೇಲೆ ಕಟ್ಟಬಾರದು. ಕಾಲು ಊರಿದಾಗ ಅಲ್ಲಿನ ಮಾಂಸ ಅದುರುತ್ತದೆ, ಸೆನ್ಸರ್ ಎಲುಬಿನ ಚಲನೆಯ ಜೊತೆಗೆ ಆ ಅದುರನ್ನೂ ದಾಖಲಿಸುತ್ತದೆ. ಮೊದಲು ಎರಡೂ ಕಡೆ ಅಂಟುವ ಟೇಪ್, ಅದರ ಮೇಲೆ ಸೆನ್ಸರ್, ಅದರ ಮೇಲೆ ಕ್ರೇಪ್ ಬ್ಯಾಂಡೇಜ್ ಹೀಗೆ ಕಟ್ಟುವ ಕ್ರಮವನ್ನು ವಿದ್ಯಾರ್ಥಿಗಳು ರೂಢಿಸಿಕೊಂಡರು. ಮೇ ತಿಂಗಳಲ್ಲಿ ಬೆಳಗಿನ ಒಂಬತ್ತು ದಾಟಿದರೆ ಬೆವರಿಗೆ ಟೇಪ್ ಬಿಡುತ್ತಿತ್ತು. ಹಾಗಾಗಿ ಹೊತ್ತು ಏರುವ ಮೊದಲೇ ಕೆಲಸ ಮುಗಿಸುವುದು ಕಡ್ಡಾಯವಾಯಿತು.

ಮೊದಲ ಸಲ ಇವನ್ನು ಕಟ್ಟಿಕೊಂಡ ಹುಡುಗನೊಬ್ಬ ರನ್‌ಅಪ್‌ನ ತುದಿಯಲ್ಲಿ ನಿಂತವನು ಓಡಲೇ ಇಲ್ಲ. ಕೇಳಿದರೆ, "ಸರ್, ಇದು ಕಳಚಿ ಬಿದ್ದು ಒಡದ್ರ ರೊಕ್ಕಾ ನಾವ ಕೊಡಬೇಕೇನ್ರಿ?" ಎಂದ. ಪ್ರಾಧ್ಯಾಪಕರು ಅವನ ಬಳಿಗೆ ಹೋಗಿ, "ಬಿದ್ರ ಬೀಳಲಿ ತಮ್ಮಾ, ನೀ ದಿನಾ ಓಡಿ ಬರೂವಂಗ ಬಾ" ಎಂದು ಬೆನ್ನು ಸವರಿದರು. ಈ ಮಾತನ್ನು ನಾನು ಇಲ್ಲಿ ಬರೆಯಲು ಕಾರಣವಿದೆ. ಮೈಮೇಲೆ ಏನೋ ಇದೆ ಎಂಬ ಅರಿವು ಆಟಗಾರನ ಚಲನೆಯನ್ನೇ ಬದಲಿಸುತ್ತದೆ. ಆಗ ಅಳೆದದ್ದು ಅವನ ಬೌಲಿಂಗ್ ಆಗಿರುವುದಿಲ್ಲ, ಅವನ ಅಂಜಿಕೆಯಾಗಿರುತ್ತದೆ. ಹೀಗಾಗಿ ಪ್ರತಿಯೊಬ್ಬರೂ ಸೆನ್ಸರ್ ಕಟ್ಟಿಕೊಂಡು ಮೈ ಬಿಸಿಯಾಗುವವರೆಗೆ ಹಾಕಿದ ಚೆಂಡುಗಳನ್ನು ಲೆಕ್ಕಕ್ಕೆ ಹಿಡಿಯದಿರುವ ನಿಯಮವನ್ನು ಮಾಡಿಕೊಂಡೆವು. ಸೆನ್ಸರ್‌ನ ತೂಕಕ್ಕಿಂತ ಅದರೊಂದಿಗಿನ ಸಲುಗೆ ಮುಖ್ಯವೆಂದು ಅನುಭವದಿಂದ ಹೇಳಬಲ್ಲೆ.

ಮಣಿಕಟ್ಟಿನ ಸೆನ್ಸರ್‌ನ ವಿಷಯದಲ್ಲಿ ನಾನು ತುಂಬ ಕಲಿತೆ. ಆರಂಭದಲ್ಲಿ ಅವರು ತಂದದ್ದು ವ್ಯಾಯಾಮದ ಪಟ್ಟಿಗಳಲ್ಲಿ ಬಳಸುವ ಸಾಮಾನ್ಯ ಚಿಪ್. ಗುರುತ್ವದ 16 ಪಟ್ಟು, ಅಂದರೆ 16 ಜಿ ವರೆಗೆ ಮಾತ್ರ ಅಳೆಯಬಲ್ಲದ್ದು. ಲ್ಯಾಪ್‌ಟಾಪ್‌ನಲ್ಲಿ ಮೂಡಿದ ಗೆರೆ ಕೈ ಮೇಲೇಳುವವರೆಗೆ ಚೆನ್ನಾಗಿ ಏರುತ್ತ ಹೋಗಿ, ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಚಪ್ಪಟೆಯಾಗುತ್ತಿತ್ತು. ನಮಗೆ ಬೇಕಾದ ಜಾಗದಲ್ಲೇ ಏನೂ ತಿಳಿಯದಂತಾಗುತ್ತಿತ್ತು. ಪ್ರಾಧ್ಯಾಪಕರು ಸ್ಕೋರ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಹುಡುಗನ ಭುಜದಿಂದ ಮಣಿಕಟ್ಟಿನವರೆಗಿನ ಉದ್ದ 55 ಸೆಂಟಿಮೀಟರ್ ಎಂದುಕೊಳ್ಳೋಣ. ಭುಜಕ್ಕೆ ಹೋಲಿಸಿ ಮಣಿಕಟ್ಟು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸುತ್ತುತ್ತಿದೆ ಎನ್ನೋಣ. ವೇಗದ ವರ್ಗವನ್ನು ಉದ್ದದಿಂದ ಭಾಗಿಸಿದರೆ 409 ಬರುತ್ತದೆ. ಅದನ್ನು ಗುರುತ್ವದ 9.8ರಿಂದ ಭಾಗಿಸಿದರೆ ಸುಮಾರು 42 ಜಿ. ದೊಡ್ಡವರು ಪೂರ್ಣ ವೇಗದಲ್ಲಿ ಹಾಕಿದರೆ ಇದು ಇನ್ನೂ ಮೇಲೇರುತ್ತದೆ. 16ರ ಅಳತೆಗೋಲು ಇಲ್ಲಿ ಯಾತಕ್ಕೂ ಬಾರದು. ಮುಂದಿನ ಸಲ ಮಣಿಕಟ್ಟಿಗೆ 200 ಜಿ ವರೆಗೆ ಅಳೆಯುವ ಬೇರೆ ಚಿಪ್ ಬಂತು. ಸೆನ್ಸರ್ ಕೊಳ್ಳಲು ಹೊರಟಿರುವ ತರಬೇತುದಾರರು ಬೆಲೆ ಕೇಳುವ ಮೊದಲು ಈ ಮಿತಿಯನ್ನು ಕೇಳಬೇಕು.

ಎಷ್ಟು ಸಲ ಅಳೆಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಸೆಕೆಂಡಿಗೆ 100 ಸಲ ಅಳೆಯುವ ಸೆನ್ಸರ್‌ನಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ 10 ಮಿಲಿಸೆಕೆಂಡ್ ಅಂತರವಿರುತ್ತದೆ. ಸೆಕೆಂಡಿಗೆ 1500 ಡಿಗ್ರಿಯಂತೆ ತಿರುಗುವ ತೋಳು ಅಷ್ಟರಲ್ಲಿ 15 ಡಿಗ್ರಿ ದಾಟಿಬಿಟ್ಟಿರುತ್ತದೆ. ಸೆಕೆಂಡಿಗೆ 500 ಸಲ ಅಳೆದರೆ ಆ ಅಂತರ 3 ಡಿಗ್ರಿಗೆ ಇಳಿಯುತ್ತದೆ. ನಾವು ಓಟಕ್ಕೆ ಕಡಿಮೆ, ಕೈಗೆ ಹೆಚ್ಚು ಎಂಬ ಹಂಚಿಕೆಯನ್ನು ಬಿಟ್ಟು ಎಲ್ಲ ಸೆನ್ಸರ್‌ಗಳನ್ನೂ ಈ 500ರ ದರದಲ್ಲೇ ಓಡಿಸಿದೆವು. ಬ್ಯಾಟರಿ ಬೇಗ ಇಳಿದರೂ ಸಮಯ ಹೊಂದಿಸುವುದು ಸುಲಭವಾಯಿತು.

ಸಮಯ ಹೊಂದಿಸುವುದೆಂದರೆ, ಆರೂ ಸೆನ್ಸರ್‌ಗಳ ಗಡಿಯಾರವನ್ನೂ ಕ್ಯಾಮೆರಾದ ಗಡಿಯಾರವನ್ನೂ ಒಂದಕ್ಕೆ ತರುವುದು. ಇದಕ್ಕೆ ಪ್ರತಿ ಬೌಲರ್ ಶುರುವಿನಲ್ಲೂ ಕೊನೆಯಲ್ಲೂ ನಿಂತಲ್ಲೇ ಜಿಗಿಯಬೇಕಿತ್ತು. ನೆಲ ಮುಟ್ಟಿದ ಕ್ಷಣ ಎಲ್ಲ ಗೆರೆಗಳಲ್ಲೂ ಮೊನೆಯಾಗಿ ಕಾಣುತ್ತದೆ, ವೀಡಿಯೊದಲ್ಲೂ ಕಾಣುತ್ತದೆ. ನಮ್ಮ ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್. ಚಿತ್ರಕ್ಕೂ ಚಿತ್ರಕ್ಕೂ 4 ಮಿಲಿಸೆಕೆಂಡಿನ ಅಂತರ. ಚೆಂಡು ಬೆರಳಿನಿಂದ ಬಿಟ್ಟ ಕ್ಷಣವನ್ನು ಸೆನ್ಸರ್ ನೇರವಾಗಿ ಹೇಳುವುದಿಲ್ಲ, ಏಕೆಂದರೆ ಚೆಂಡಿನೊಳಗೆ ಸೆನ್ಸರ್ ಇಲ್ಲ. ಮಣಿಕಟ್ಟಿನ ಗೆರೆಯ ಮೊನೆಯಿಂದ ಅದನ್ನು ಊಹಿಸಿ, ವೀಡಿಯೊ ಚಿತ್ರಗಳೊಂದಿಗೆ ತಾಳೆ ನೋಡುವ ಕೆಲಸವನ್ನು ವಿದ್ಯಾರ್ಥಿಗಳು ಚೆಂಡು ಚೆಂಡಿಗೂ ಕುಳಿತು ಮಾಡಿದರು. ಆ ತಾಳ್ಮೆಯಿಲ್ಲದೆ ಮುಂದಿನ ಯಾವ ಮಾತಿಗೂ ಬೆಲೆಯಿರುತ್ತಿರಲಿಲ್ಲ.

ಪ್ರತಿ ಚೆಂಡಿನ ಮೊದಲು ರನ್‌ಅಪ್ ತುದಿಯಲ್ಲಿ ಮೂರು ಸೆಕೆಂಡ್ ಅಲುಗಾಡದೆ ನಿಲ್ಲಬೇಕು ಎಂದಾಗ ಹುಡುಗರಿಗೆ ಬೇಸರವಾಗಿತ್ತು. ಅದರ ಅಗತ್ಯ ನನಗೂ ಮೊದಲು ತಿಳಿದಿರಲಿಲ್ಲ. ಗೈರೋಸ್ಕೋಪ್ ಕೊಡುವುದು ತಿರುಗುವ ವೇಗವನ್ನು. ಕೋನ ಬೇಕೆಂದರೆ ಅದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗಬೇಕು. ಕೂಡಿಸುವಾಗ ತಪ್ಪೂ ಕೂಡುತ್ತದೆ: ಸೆಕೆಂಡಿಗೆ 0.1 ಡಿಗ್ರಿಯ ತಪ್ಪಿದ್ದರೆ ಒಂದು ನಿಮಿಷದಲ್ಲಿ 6 ಡಿಗ್ರಿ. ಆಕ್ಸಿಲರೋಮೀಟರ್‌ನದು ಇನ್ನೂ ಕಷ್ಟ. ಅದು ಸುಮ್ಮನಿದ್ದಾಗಲೂ ಗುರುತ್ವವನ್ನು ತೋರಿಸುತ್ತಿರುತ್ತದೆ. ಚಲನೆಯ ಪಾಲನ್ನು ಬೇರ್ಪಡಿಸಲು ಗುರುತ್ವವನ್ನು ಕಳೆಯಬೇಕು, ಕಳೆಯಲು ಸೆನ್ಸರ್ ಎಷ್ಟು ಓರೆಯಾಗಿದೆ ಎಂಬುದು ನಿಖರವಾಗಿ ಗೊತ್ತಿರಬೇಕು. ಆ ಓರೆಯಲ್ಲಿ ಒಂದೇ ಡಿಗ್ರಿ ತಪ್ಪಿದರೂ 4 ಸೆಕೆಂಡಿನ ಓಟ ಮುಗಿಯುವ ಹೊತ್ತಿಗೆ ಸ್ಥಾನದ ಲೆಕ್ಕ ಸುಮಾರು 1.4 ಮೀಟರ್ ಆಚೀಚೆ ಆಗುತ್ತದೆ. ಅಲುಗಾಡದೆ ನಿಂತಾಗ ಈ ತಪ್ಪನ್ನು ಸೊನ್ನೆಗೆ ತರಬಹುದು. ಕಾರಣ ತಿಳಿಸಿದ ಮೇಲೆ ಮಕ್ಕಳು ಗೊಣಗಲಿಲ್ಲ, ಬದಲಿಗೆ ಒಬ್ಬರಿಗೊಬ್ಬರು "ನಿಲ್ಲಲೇ, ಇನ್ನೂ ಮೂರ ಆಗಿಲ್ಲ" ಎಂದು ಎಣಿಸತೊಡಗಿದರು.

ಮ್ಯಾಗ್ನೆಟೋಮೀಟರನ್ನು ನಾವು ಕೈಬಿಡಬೇಕಾಯಿತು. ನೆಟ್ಸ್‌ನ ಸುತ್ತ ಕಬ್ಬಿಣದ ಕಂಬಗಳು, ಮ್ಯಾಟಿನ ಕೆಳಗಿನ ಸಿಮೆಂಟಿನಲ್ಲಿ ಸರಳುಗಳು. ಬೌಲರ್ ಕ್ರೀಸ್ ಹತ್ತಿರ ಬಂದಂತೆ ಅದು ತೋರಿಸುವ ಉತ್ತರ ದಿಕ್ಕು ಸರಿದುಹೋಗುತ್ತಿತ್ತು. ಸ್ಥಾನ, ದೂರ ಮುಂತಾದವುಗಳ ಗೊಡವೆ ಬಿಟ್ಟು, ಕೋನ, ತಿರುಗುವ ರಭಸ ಮತ್ತು ಒಂದು ಘಟನೆಗೂ ಇನ್ನೊಂದಕ್ಕೂ ನಡುವಿನ ಸಮಯ ಇಷ್ಟನ್ನೇ ನಂಬುವುದೆಂದು ತೀರ್ಮಾನಿಸಿದೆವು.

ಇಷ್ಟರ ಮೇಲೆ ಎದುರಾದದ್ದು ತಾಂತ್ರಿಕವಲ್ಲದ ಪ್ರಶ್ನೆ. ಅಳತೆಗಳನ್ನು ನೋಡಿ ಕಂಪ್ಯೂಟರ್ ಕೌಶಲವನ್ನು ತೂಗಬೇಕಾದರೆ, ಯಾವ ಚೆಂಡು ಕೌಶಲದ್ದು, ಯಾವುದು ಅಲ್ಲ ಎಂದು ಆ ಯಂತ್ರಕ್ಕೆ ಮೊದಲು ಯಾರಾದರೂ ಹೇಳಿಕೊಡಬೇಕಲ್ಲ. ಇದಕ್ಕಾಗಿ ಎರಡು ಬಗೆಯ ಅಂಕಗಳನ್ನು ಇಟ್ಟುಕೊಂಡೆವು. ಮ್ಯಾಟಿನ ಮೇಲೆ ಆಫ್ ಸ್ಟಂಪ್ ನೇರಕ್ಕೆ ಗುಡ್ ಲೆಂಗ್ತ್ ಜಾಗದಲ್ಲಿ ಸುಣ್ಣದಿಂದ ಚೌಕ ಹಾಕಿ, ಚೆಂಡು ಅದರಿಂದ ಎಷ್ಟು ದೂರಕ್ಕೆ ಬಿತ್ತು ಎಂಬುದನ್ನು ವೀಡಿಯೊದಿಂದ ಅಳೆದದ್ದು ಒಂದು. ಮೂವರು ತರಬೇತುದಾರರು ಬೌಲಿಂಗ್ ಶೈಲಿಯನ್ನು ನೋಡಿ ಕೊಟ್ಟ ಅಂಕ ಇನ್ನೊಂದು. ಒಬ್ಬರು ಹುಬ್ಬಳ್ಳಿಯವರು, ಟರ್ಫ್ ವಿಕೆಟ್ಟಿನಲ್ಲಿ ಬೆಳೆದವರು, ಇನ್ನೊಬ್ಬರು ಗದಗಿನವರು, ಆಡಿದ್ದೆಲ್ಲ ಮ್ಯಾಟಿನ ಮೇಲೆ, ಮೂರನೆಯವನು ನಾನು. ಮುಖ ಕಾಣದಂತೆ ಮಾಡಿದ ವೀಡಿಯೊ ತುಣುಕುಗಳನ್ನು ನಮಗೆ ಬೇರೆ ಬೇರೆ ಕೂರಿಸಿ ತೋರಿಸಿದರು. ನಮಗೆ ತಿಳಿಸದೆ ಕೆಲವು ತುಣುಕುಗಳನ್ನು ಎರಡೆರಡು ಸಲ ಸೇರಿಸಿದ್ದರು.

ಅತ್ಯುತ್ತಮರ ಮತ್ತು ತೀರ ಹೊಸಬರ ವಿಷಯದಲ್ಲಿ ಮೂವರ ಅಂಕಗಳೂ ಕೂಡಿಬಂದವು. ನಡುವಿನವರಲ್ಲಿ ಕೂಡಲಿಲ್ಲ. ಹುಬ್ಬಳ್ಳಿಯವರು ಕೈ ಎತ್ತರದಿಂದ ಬರುವುದಕ್ಕೆ ಹೆಚ್ಚು ಅಂಕ ಕೊಟ್ಟಿದ್ದರು, ಗದಗಿನವರು ಓಟದ ಲಯಕ್ಕೆ ಕೊಟ್ಟಿದ್ದರು, ನಾನು ಮುಂಗಾಲಿನ ಊರುವಿಕೆಯನ್ನು ನೋಡಿದ್ದೆ. ಮೂವರೂ ಒಟ್ಟಿಗೆ ಕುಳಿತು ಒಂದೊಂದೇ ತುಣುಕನ್ನು ಚರ್ಚಿಸಿದ ಆ ಮಧ್ಯಾಹ್ನ ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಇಷ್ಟು ವರ್ಷ ಒಂದೇ ಮೈದಾನದಲ್ಲಿ ನಿಂತಿದ್ದರೂ ನಾವು ಏನನ್ನು ನೋಡಿ ಏನನ್ನು ಮೆಚ್ಚುತ್ತೇವೆ ಎಂಬುದನ್ನು ಪರಸ್ಪರ ಹೇಳಿಕೊಂಡಿರಲಿಲ್ಲ.

ಅಳತೆಗಳನ್ನೂ ಅಂಕಗಳನ್ನೂ ಸೇರಿಸಿ ವಿದ್ಯಾರ್ಥಿಗಳು ಕಂಪ್ಯೂಟರಿಗೆ ಕಲಿಸಿದರು. ಮೊದಲ ಫಲಿತಾಂಶ ಬೆರಗುಗೊಳಿಸುವಂತಿತ್ತು. ಯಾವ ಚೆಂಡು ಯಾವ ಮಟ್ಟದ ಬೌಲರ್‌ನದು ಎಂಬುದನ್ನು ಯಂತ್ರ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳುತ್ತಿತ್ತು. ವಿದ್ಯಾರ್ಥಿಗಳು ಪೇಡೆ ಹಂಚಿದರು. ಪ್ರಾಧ್ಯಾಪಕರು ಪೇಡೆ ತಿಂದು, ಒಂದು ಪ್ರಶ್ನೆ ಕೇಳಿದರು: ಕಲಿಸಲು ಬಳಸಿದ ಚೆಂಡುಗಳು ಮತ್ತು ಪರೀಕ್ಷಿಸಲು ಬಳಸಿದ ಚೆಂಡುಗಳು ಒಬ್ಬನೇ ಬೌಲರ್‌ನವು ಆಗಿದ್ದವೇ? ಆಗಿದ್ದವು. ಎಲ್ಲರ ಚೆಂಡುಗಳನ್ನೂ ಕಲಸಿ, ಅವುಗಳಲ್ಲಿ ಒಂದಿಷ್ಟನ್ನು ಪರೀಕ್ಷೆಗೆಂದು ಎತ್ತಿಟ್ಟಿದ್ದರು.

ಇದರ ಅರ್ಥವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಕ್ರೀಡಾ ಸೆನ್ಸರ್‌ಗಳ ಬಗ್ಗೆ ಕೇಳಿಬರುವ ದೊಡ್ಡ ದೊಡ್ಡ ಮಾತುಗಳನ್ನು ತೂಗಿ ನೋಡಲು ಇದೊಂದು ತಿಳಿವಳಿಕೆ ಸಾಕು. ಪ್ರತಿ ಮನುಷ್ಯನ ಓಟಕ್ಕೂ ಅವನದೇ ಆದ ಗುರುತಿರುತ್ತದೆ. ದೂರದಿಂದ ಬರುವವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಹಾಗೆ. ಯಂತ್ರವೂ ಅದನ್ನೇ ಮಾಡಿತ್ತು. ಈ ಓಟ ಇಂಥವನದು, ಇವನು ಚೆನ್ನಾಗಿ ಹಾಕುವವನು, ಆದ್ದರಿಂದ ಈ ಚೆಂಡೂ ಒಳ್ಳೆಯದು ಎಂಬ ದಾರಿಯಲ್ಲಿ ಅದು ಉತ್ತರ ಮುಟ್ಟಿತ್ತು. ಕೌಶಲವನ್ನು ಅದು ನೋಡಿರಲೇ ಇಲ್ಲ. ಸರಿಯಾದ ಪರೀಕ್ಷೆಯೆಂದರೆ ಒಬ್ಬ ಬೌಲರ್‌ನ ಎಲ್ಲ ಚೆಂಡುಗಳನ್ನೂ ಪೂರ್ತಿ ಹೊರಗಿಟ್ಟು, ಉಳಿದವರ ಚೆಂಡುಗಳಿಂದ ಕಲಿಸಿ, ಆಮೇಲೆ ಆ ಹೊರಗಿಟ್ಟವನನ್ನು ಅಳೆಯುವುದು. ಹೀಗೆ ಒಬ್ಬೊಬ್ಬರನ್ನೂ ಸರದಿಯಂತೆ ಹೊರಗಿಡುವುದು. ಹಾಗೆ ಮಾಡಿದಾಗ ಯಂತ್ರದ ಜಾಣತನ ಬಹಳಷ್ಟು ಇಳಿಯಿತು. ಉಳಿದದ್ದರಲ್ಲೂ ಇನ್ನೊಂದು ತೊಡಕಿತ್ತು. ನಮ್ಮ ಗುಂಪಿನಲ್ಲಿ ಹೆಚ್ಚು ಅಂಕ ಪಡೆದವರು ಹೆಚ್ಚಾಗಿ ದೊಡ್ಡ ವಯಸ್ಸಿನ, ಎತ್ತರದ ಹುಡುಗರು. ಕೈಕಾಲು ಉದ್ದವಿದ್ದರೆ ಅಳತೆಗಳು ತಾವಾಗಿಯೇ ದೊಡ್ಡವಾಗುತ್ತವೆ. ಯಂತ್ರ ವಯಸ್ಸನ್ನು ಕೌಶಲವೆಂದು ಎಣಿಸುತ್ತಿತ್ತು. ಹದಿನಾಲ್ಕರ ಹುಡುಗಿಯೊಬ್ಬಳು ಚೌಕಕ್ಕೆ ಎಲ್ಲರಿಗಿಂತ ಹತ್ತಿರ ಚೆಂಡು ಹಾಕುತ್ತಿದ್ದಳು. ಯಂತ್ರ ಅವಳನ್ನು ಹೊಸಬರ ಸಾಲಿಗೆ ಹಾಕಿತ್ತು. ಇಂಥ ಪಟ್ಟಿಯನ್ನು ನಂಬಿ ಆಯ್ಕೆ ಮಾಡಿದರೆ ಆಗುವ ಅನ್ಯಾಯ ಎಂಥದು ಎಂಬುದು ಅವಳ ಹೆಸರಿನ ಮುಂದಿದ್ದ ಅಂಕ ನೋಡಿದಾಗ ಮನಸ್ಸಿಗೆ ತಟ್ಟಿತು.

ಅಳತೆಗಳ ಗಾತ್ರವನ್ನು ಬಿಟ್ಟು, ಅವುಗಳ ಏರುಪೇರನ್ನು ನೋಡುವ ವಿಚಾರ ಮತ್ತೆ ಮುಂದೆ ಬಂದದ್ದು ಆಗ. ಇದಕ್ಕೆ ಹಳೆಯ ಆಧಾರವೊಂದಿದೆ ಎಂದು ಪ್ರಾಧ್ಯಾಪಕರು ಹೇಳಿದರು. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಕೆಲಸಗಾರರ ಕೀಲುಗಳಿಗೆ ಸಣ್ಣ ಬಲ್ಬುಗಳನ್ನು ಕಟ್ಟಿ, ಅವರು ಸುತ್ತಿಗೆಯಿಂದ ಉಳಿಯ ಮೇಲೆ ಹೊಡೆಯುವುದನ್ನು ಚಿತ್ರೀಕರಿಸಿದ. ನುರಿತ ಕೆಲಸಗಾರನ ಸುತ್ತಿಗೆಯ ತುದಿ ಪ್ರತಿಸಲವೂ ಒಂದೇ ದಾರಿಯಲ್ಲಿ ಬರುತ್ತಿತ್ತು; ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಪ್ರತಿಸಲವೂ ತುಸು ಬೇರೆಯಾಗಿರುತ್ತಿತ್ತು. ಒಂದು ಕೀಲು ತಪ್ಪಿದ್ದನ್ನು ಇನ್ನೊಂದು ಕೀಲು ಸರಿದೂಗಿಸುತ್ತಿತ್ತು. ನುರಿತ ಬೌಲರ್ ಯಂತ್ರದಂತೆ ಪ್ರತಿಸಲ ಒಂದೇ ರೀತಿ ಅಲುಗಾಡುತ್ತಾನೆಂದು ನಂಬಿದ್ದ ನನಗೆ ಇದು ದೊಡ್ಡ ಪಾಠ.

ನಮ್ಮ ಹುಡುಗರ ಗೆರೆಗಳಲ್ಲಿ ಅದೇ ಕಂಡಿತು. ಬೌಲಿಂಗ್‌ನಲ್ಲಿ ರಭಸ ಕೆಳಗಿನಿಂದ ಮೇಲಕ್ಕೆ ಸಾಗಬೇಕು: ಮೊದಲು ಟೊಂಕ ತಿರುಗಿ ತನ್ನ ಗರಿಷ್ಠ ವೇಗ ಮುಟ್ಟುತ್ತದೆ, ಆಮೇಲೆ ಎದೆಯ ಭಾಗ, ಆಮೇಲೆ ತೋಳು, ಕೊನೆಗೆ ಮಣಿಕಟ್ಟು. ಚೌಕದ ಸಮೀಪ ಹಾಕುವವರಲ್ಲಿ ಓಟದ ವೇಗವಾಗಲಿ ಟೊಂಕದ ತಿರುವಾಗಲಿ ಚೆಂಡಿನಿಂದ ಚೆಂಡಿಗೆ ಸಾಕಷ್ಟು ಬದಲಾಗುತ್ತಿತ್ತು. ಬದಲಾಗದೆ ಉಳಿದದ್ದು ಮುಂಗಾಲು ಊರಿದ ಕ್ಷಣದಿಂದ ಚೆಂಡು ಬಿಡುವವರೆಗಿನ ಸಮಯ. ಚದುರಿ ಹಾಕುವವರಲ್ಲಿ ಆ ಸಮಯವೇ ಹಿಗ್ಗಿ ಕುಗ್ಗುತ್ತಿತ್ತು. ಆರಂಭದಲ್ಲಿ ಹೇಳಿದ ಇಬ್ಬರು ಹುಡುಗರ ನಡುವಿನ ವ್ಯತ್ಯಾಸವೂ ಇಲ್ಲೇ ಸಿಕ್ಕಿತು. ಈ ಏರುಪೇರು ಎತ್ತರವನ್ನಾಗಲಿ ವಯಸ್ಸನ್ನಾಗಲಿ ಅಷ್ಟಾಗಿ ಅವಲಂಬಿಸುವುದಿಲ್ಲ. ಅದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಾಗ ಹದಿನಾಲ್ಕರ ಆ ಹುಡುಗಿ ತನ್ನ ಜಾಗಕ್ಕೆ ಬಂದಳು.

ಇದರಿಂದ ಕಲಿಸುವ ಕ್ರಮ ಹೇಗೆ ಬದಲಾಯಿತು ಎಂಬುದಕ್ಕೆ ಕುಂದಗೋಳದಿಂದ ಬರುವ ಬಲಗೈ ಹುಡುಗಿಯೊಬ್ಬಳ ಉದಾಹರಣೆ ಕೊಡುತ್ತೇನೆ. ಅವಳ ಓಟ ಅತಿವೇಗದ್ದು ಎಂದು ನಮ್ಮ ಮೂವರ ಅಭಿಪ್ರಾಯವಾಗಿತ್ತು. ಟೊಂಕದ ಮತ್ತು ಬೆನ್ನಿನ ಸೆನ್ಸರ್‌ಗಳ ಗೆರೆಗಳನ್ನು ಕಾಲಿನ ಗೆರೆಯೊಂದಿಗೆ ಒಂದರ ಮೇಲೊಂದು ಇಟ್ಟು ನೋಡಿದಾಗ, ಕೆಲವು ಚೆಂಡುಗಳಲ್ಲಿ ಮುಂಗಾಲು ನೆಲ ಮುಟ್ಟುವ ಮೊದಲೇ ಎದೆಯ ಭಾಗ ತಿರುಗಿ ಮುಗಿಯುತ್ತಿರುವುದು ಕಂಡಿತು. ಕಾಲಿನ ಆಧಾರ ಸಿಗುವ ಹೊತ್ತಿಗೆ ರಭಸ ಖರ್ಚಾಗಿ, ಉಳಿದದ್ದನ್ನು ಬರೀ ತೋಳಿನಿಂದ ಎಳೆಯಬೇಕಾಗುತ್ತಿತ್ತು. ಅವಳಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವಳು ತುಸು ಹೊತ್ತು ನೋಡಿ, "ಕಾಲು ಊರೂ ಮೊದಲ ಮೈ ತಿರಗತದ ಅಂತ ನನಗ ಅನಸ್ತಿತ್ತ ರೀ ಸರ್. ಅದನ್ನ ಹೆಂಗ ಹೇಳಬೇಕು ತಿಳೀತಿರಲಿಲ್ಲ" ಎಂದಳು. ಓಟವನ್ನು ಮೊಟಕುಗೊಳಿಸಿ, ನಾಲ್ಕು ಹೆಜ್ಜೆಯಿಂದ ಹಾಕಿಸಿ, ಮುಂಗಾಲು ಊರಿದ ಮೇಲೆಯೇ ಎಡಗೈ ಕೆಳಗೆಳೆಯುವ ಅಭ್ಯಾಸ ಕೊಟ್ಟೆವು. ಅವಳ ಚೆಂಡುಗಳು ಚೌಕದ ಸುತ್ತ ಒಟ್ಟುಗೂಡತೊಡಗಿದವು. ಆಮೇಲೆ ಓಟವನ್ನು ಮತ್ತೆ ಉದ್ದ ಮಾಡಿದಾಗ ವೇಗವನ್ನು ಕಡಿಮೆ ಮಾಡುವ ಅಗತ್ಯವೇ ಬೀಳಲಿಲ್ಲ. ಓಟ ತಪ್ಪಾಗಿರಲಿಲ್ಲ.

ಬೆನ್ನಿನ ವಿಷಯವನ್ನೂ ಹೇಳಬೇಕು. ಹಿಂಗಾಲು ಊರಿದ ಮೇಲೆ ಭುಜಗಳು ಹಿಂದಕ್ಕೆ ತಿರುಗಿ, ಟೊಂಕ ಮುಂದಕ್ಕೇ ನಿಂತಿದ್ದರೆ ಬೆನ್ನುಮೂಳೆಯ ಕೆಳಭಾಗ ಹಿಂಡಿದಂತಾಗುತ್ತದೆ. ಇದನ್ನು ಮಿಶ್ರ ಶೈಲಿ ಎನ್ನುತ್ತಾರೆ. ಮುಂಗಾಲು ಊರಿದಾಗ ದೇಹದ ಭಾರದ ಐದಾರು ಪಟ್ಟಿನಷ್ಟು ಒತ್ತಡ ಆ ಕಾಲಿನ ಮೇಲೆ ಬೀಳುತ್ತದೆ. ಎಲುಬು ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸಿನಲ್ಲಿ, ಬಲಗೈ ಬೌಲರ್‌ಗಳಿಗೆ ಬೆನ್ನುಮೂಳೆಯ ಕೆಳಗಿನ ಮಣಿಗಳ ಎಡಭಾಗದಲ್ಲಿ ಸಣ್ಣ ಬಿರುಕು ಬರುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಅಣ್ಣಿಗೇರಿಯಿಂದ ರೈಲಿನಲ್ಲಿ ಬರುವ ಎತ್ತರದ ಹುಡುಗನೊಬ್ಬನ ಬೆನ್ನಿನ ಸೆನ್ಸರ್ ಮತ್ತು ಟೊಂಕದ ಸೆನ್ಸರ್‌ಗಳ ನಡುವಿನ ಕೋನ ದಣಿದಂತೆಲ್ಲ ಹೆಚ್ಚುತ್ತ ಹೋಗುತ್ತಿತ್ತು. ಸೆನ್ಸರ್ ರೋಗ ಹೇಳುವುದಿಲ್ಲ; ನಾವು ಅವನನ್ನು ಮೂಳೆ ವೈದ್ಯರ ಬಳಿ ಕಳಿಸಿದೆವು, ಬೌಲಿಂಗ್ ತಗ್ಗಿಸಿದೆವು. ಆಗ ಲೆಕ್ಕ ಹಾಕಿ ನೋಡಿದರೆ ಅವನು ಶಾಲೆಗೆ, ಕ್ಲಬ್ಬಿಗೆ, ರವಿವಾರ ಊರಿನ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೀಗೆ ಮೂರು ಕಡೆ ಚೆಂಡು ಹಾಕುತ್ತಿದ್ದ; ಒಟ್ಟು ಎಷ್ಟಾಯಿತೆಂದು ಕೂಡಿಸುವವರು ಯಾರೂ ಇರಲಿಲ್ಲ. ಟೊಂಕದ ಒಂದು ಸೆನ್ಸರ್ ಇದ್ದರೆ ಚೆಂಡುಗಳನ್ನು ತಾನೇ ಎಣಿಸುತ್ತದೆ. ನನ್ನ ಮಟ್ಟಿಗೆ ಈ ಉಪಕರಣದ ಅತಿ ದೊಡ್ಡ ಉಪಕಾರ ಈ ಸರಳ ಎಣಿಕೆಯೇ.

ಮೊಣಕೈ ಬಾಗುವಿಕೆಯ ಬಗ್ಗೆ ಪಾಲಕರು ಪದೇ ಪದೇ ಕೇಳುತ್ತಿದ್ದರು. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ನಿಯಮದಂತೆ ಕೈ ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗಬಾರದು. ಇದರ ಅಧಿಕೃತ ಪರೀಕ್ಷೆ ಕ್ಯಾಮೆರಾಗಳಿರುವ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಗೆ ಆ ಮಾನ್ಯತೆ ಸಿಕ್ಕಿತ್ತು. ತೋಳಿನ ಚರ್ಮ ಜಾರುವುದರಿಂದ ನಮ್ಮ ಸೆನ್ಸರ್‌ನಲ್ಲಿ ಕೆಲವು ಡಿಗ್ರಿ ಆಚೀಚೆ ಆಗುತ್ತಿತ್ತು. ಆದ್ದರಿಂದ ಯಾವ ಮಗುವಿನ ಬೌಲಿಂಗ್ ಬಗ್ಗೆಯೂ ಇದನ್ನು ಮುಂದಿಟ್ಟು ತೀರ್ಪು ಕೊಡಲಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ 18 ವರ್ಷದೊಳಗಿನವರ ಮಾಹಿತಿ ಪಡೆಯಲು ಪಾಲಕರ ಒಪ್ಪಿಗೆ ಬೇಕು. ರೈತಾಪಿ ತಂದೆಯೊಬ್ಬರು ಪತ್ರವನ್ನು ಪೂರ್ತಿ ಓದಿ, "ಇದರಾಗ ಬಂದದ್ದನ್ನ ಯಾರ್‍ಯಾರು ನೋಡ್ತಾರ್ರಿ?" ಎಂದು ಕೇಳಿದರು. ತಕ್ಕ ಪ್ರಶ್ನೆ. ಮಗು, ಪಾಲಕರು, ತರಬೇತುದಾರ ಹಾಗೂ ಸಂಶೋಧಕರು, ಇಷ್ಟೇ ಜನ ಎಂದು ಬರೆದುಕೊಟ್ಟೆವು. ಕೆಲವು ತಿಂಗಳ ನಂತರ ಒಂದು ಟೂರ್ನಮೆಂಟಿನ ಆಯ್ಕೆಗಾರರು ಯಂತ್ರ ಕೊಟ್ಟ ಅಂಕಗಳ ಪಟ್ಟಿಯನ್ನು ಕೇಳಿದರು, ಒತ್ತಾಯವನ್ನೂ ಮಾಡಿದರು. ಕೊಡಲಿಲ್ಲ. ಮಾತು ಕೊಟ್ಟಿದ್ದು ಒಂದು ಕಾರಣ. ಹೊಸಬರ ಸಾಲಿಗೆ ಹೋಗಿದ್ದ ಆ ಹುಡುಗಿಯ ಅಂಕ ಇನ್ನೊಂದು.

ಈಗ ಸೆನ್ಸರ್‌ಗಳನ್ನು ಮೂರಕ್ಕೆ ಇಳಿಸಿದ್ದೇವೆ: ಮುಂಗಾಲು, ಟೊಂಕ, ಮಣಿಕಟ್ಟು. ಬೆನ್ನಿನ ಅಳತೆ ಬೇಕಾದವರಿಗೆ ಮಾತ್ರ ನಾಲ್ಕನೆಯದನ್ನು ಕಟ್ಟುತ್ತೇವೆ. ಪ್ರತಿ ಮಗುವಿಗೂ ಕೊಡುವ ಹಾಳೆಯಲ್ಲಿ ಒಟ್ಟು ಅಂಕ ಇರುವುದಿಲ್ಲ; ಕಾಲಿನಿಂದ ಕೈವರೆಗಿನ ಸಮಯ ಎಷ್ಟು ಸ್ಥಿರವಾಗಿದೆ, ಕಳೆದ ಸಲಕ್ಕಿಂತ ಏನು ಬದಲಾಗಿದೆ, ಈ ವಾರ ಎಷ್ಟು ಚೆಂಡು ಹಾಕಿದೆ ಎಂಬುದಷ್ಟೇ ಇರುತ್ತದೆ. ಯಂತ್ರ ಈವರೆಗೆ ಒಮ್ಮೆಯೂ ಕಾಣದ ಹಾವೇರಿಯ ಬೌಲರ್‌ಗಳ ಗುಂಪೊಂದನ್ನು ಈ ಹಂಗಾಮಿನಲ್ಲಿ ಅಳೆದಿದ್ದೇವೆ. ಅವರ ಚೆಂಡುಗಳಿಗೆ ಮೂವರು ತರಬೇತುದಾರರು ಕೊಟ್ಟ ಅಂಕಗಳು ಮುಚ್ಚಿದ ಲಕೋಟೆಯಲ್ಲಿ ಪ್ರಾಧ್ಯಾಪಕರ ಬಳಿ ಇವೆ. ಯಂತ್ರದ ಲೆಕ್ಕ ಪೂರ್ತಿ ಮುಗಿದು ಸಹಿಯಾದ ಮೇಲೆ ಲಕೋಟೆ ಒಡೆದು ಎರಡನ್ನೂ ತಾಳೆ ನೋಡುವುದೆಂದು ಮಾತಾಗಿದೆ.